ಕೊನೆಯ ನೀರಿನ ನೊರೆ

ಮಂಗಳವಾರ, ಜೂನ್ ೧೧

ಪ್ರೀತಿಯ ಅಕ್ಕನಿಗೆ,

ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ಉತ್ತರ ಬರೆಯಲಿಲ್ಲವೆಂದು ಬಯ್ಯಬೇಡ. ಬರೆಯಲು ಕೂತರೆ ಬರೀ ಸಿಟ್ಟೇ ಬರುತ್ತಿತ್ತು. ನಾನು ಚೆನ್ನಾಗಿದ್ದೇನೆ. ಸೋಪಿನ ನೀರಿಗೆ ಬೆರಳ ಸಂದಿ ಒಡೆದಿದೆ, ಅಷ್ಟೇ. ಭಾವನ ಕೆಮ್ಮು ಹೇಗಿದೆ?

ನಾನು ಪ್ರಯೋಗಾಲಯದಲ್ಲಿ ಗಾಜಿನ ಕೊಳವೆ ತೊಳೆಯುತ್ತೇನೆ ಎಂದಷ್ಟೇ ನಿನಗೆ ಗೊತ್ತು. ಅಲ್ಲಿ ನಡೆಯುವುದು ಮಲೇರಿಯಾದ ಕೆಲಸ. ಅದರ ರೋಗಾಣು ನಮ್ಮ ರಕ್ತ ತಿಂದು, ತನಗೆ ವಿಷವಾಗುವ ಭಾಗವನ್ನು ಕಂದು ಹರಳು ಮಾಡಿ ಇಟ್ಟುಕೊಳ್ಳುತ್ತದಂತೆ. ಕೆಲವು ಮದ್ದುಗಳು ಆ ಹರಳಿನ ಮೈಗೆ ಅಂಟಿ, ಅದು ಬೆಳೆಯದಂತೆ ತಡೆಯುತ್ತವಂತೆ. ಹಾಗಾಗಿ ಹರಳಿನ ಮೈ ಬರಿದಾಗಿದೆಯೋ, ಮೇಲೆ ಜಿಡ್ಡಿನ ಪದರ ಇದೆಯೋ ಎಂಬುದು ನಮ್ಮ ಮೇಡಂ ಹುಡುಕುತ್ತಿರುವ ವಿಷಯ. ಅವರ ವಿದ್ಯಾರ್ಥಿನಿ, ನಾನು ಮನಸ್ಸಿನಲ್ಲೇ ಕನ್ನಡಕ ಎಂದು ಕರೆಯುವವಳು, ಹರಳುಗಳನ್ನು ಸೋಪಿನಲ್ಲಿ ತೊಳೆದು ಕೊಡುತ್ತಾಳೆ. ನಾಲ್ಕು ತಿಂಗಳಿಂದ ಪ್ರತಿ ಸಲವೂ ಅವನ್ನು ಪರೀಕ್ಷಿಸುವ ಯಂತ್ರ ಜಿಡ್ಡು ತೋರಿಸುತ್ತಿತ್ತು.

ಜಿಡ್ಡು ಯಾರದು? ನನ್ನದಂತೆ!

"ಕೊಳವೆ ಸರಿಯಾಗಿ ತೊಳೀತೀಯೇನಮ್ಮ? ಇಲ್ಲಾ ಬಾಯಿ ಥರಾನೇ ಕೈನೂ ಆಡಲ್ವೋ?" ಎಂದರು ಮೇಡಂ, ಎಲ್ಲರೆದುರು.

ನಾನು ತೊಳೆದ ಗಾಜಿನ ಮೇಲೆ ನೀರು ಜಿಡ್ಡಿದ್ದಲ್ಲಿ ನಿಲ್ಲುವಂತೆ ಹನಿಯಾಗಿ ನಿಲ್ಲುವುದಿಲ್ಲ ಅಕ್ಕ, ಹಾಳೆಯ ಹಾಗೆ ಜಾರುತ್ತದೆ. ಅದನ್ನು ನೋಡದೆ ಒಂದು ಕೊಳವೆಯನ್ನೂ ಒಳಗೆ ಕಳಿಸುವುದಿಲ್ಲ. ತಪ್ಪು ಎಲ್ಲಿದೆ ಎಂದು ನನಗೆ ಗೊತ್ತಿತ್ತು. ಕನ್ನಡಕ ಹರಳುಗಳನ್ನು ಕೊನೆಯ ಸಲ ಜಾಲಿಸಿದ ನೀರು ನನ್ನ ತೊಟ್ಟಿಗೇ ಬರುತ್ತದೆ. ಅಲ್ಲಾಡಿಸಿದರೆ ನೊರೆ! ಹರಳಿನ ಮೈಮೇಲೆ ಕೂತಿದ್ದು ಅವಳ ಸೋಪೇ. ಸೋಪು ಮಾಡುವುದು ಎಣ್ಣೆಯಿಂದಲೇ ಅಲ್ಲವೇ? ಜಿಡ್ಡು ಬಂತೆಂದು ಅವಳು ಇನ್ನಷ್ಟು ಸೋಪು ಹಾಕುವುದು, ಇನ್ನಷ್ಟು ಜಿಡ್ಡು ಬರುವುದು, ನಾನು ಬಯ್ಸಿಕೊಳ್ಳುವುದು.

ಹೇಳಲು ಮೂರು ಸಲ ಬಾಗಿಲವರೆಗೆ ಹೋದೆ. ನಾಲ್ಕನೇ ಕ್ಲಾಸು ಓದಿದವಳು ಇವರಿಗೆ ಏನು ಹೇಳುವುದು ಎಂದು ವಾಪಸು ಬಂದೆ. ಕೊನೆಗೆ ಒಂದು ಚೀಟಿ ಬರೆದು ಕನ್ನಡಕದ ಮೇಜಿನ ಮೇಲಿಟ್ಟೆ: "ಕೊನೆಯ ನೀರಲ್ಲಿ ನೊರೆ ಇದೆ. ಇನ್ನೂ ಜಾಲಿಸಿ." ನಿನ್ನೆ ಯಂತ್ರ ಜಿಡ್ಡು ತೋರಿಸಲಿಲ್ಲ. ಮೇಡಂ ಆ ಚೀಟಿ ಹಿಡಿದು ಬಂದರು.

"ಯಾರದ್ರೀ ಈ ಬುದ್ಧಿ?"

ನಾನು ತಲೆ ತಗ್ಗಿಸಿ ಕೈಯಲ್ಲಿದ್ದ ಕೊಳವೆಯನ್ನೇ ಉಜ್ಜಿದೆ.

"ನಂದೇ ಮೇಡಂ, ನೆನಪಿರ್ಲಿ ಅಂತ ಬರ್ಕೊಂಡಿದ್ದೆ," ಎಂದಳು ಕನ್ನಡಕ, ನನ್ನ ಕಡೆ ನೋಡದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ ಅಕ್ಕ, ಒದ್ದೆ ಕೈಯಲ್ಲಿ! ಮನೆಗೆ ಬಂದು ಪಾತ್ರೆಗಳನ್ನೆಲ್ಲ ಕುಕ್ಕಿದೆ.

ಹೊತ್ತಿಗೆ ಸರಿಯಾಗಿ ಉಣ್ಣು. ನೀವಿಬ್ಬರೂ ತಣ್ಣಗಿರಿ.

ನೀನೇ ಹೆಸರಿಟ್ಟ,
ಮೂಗಿ

ತಾ.ಕ.: ಮಡಿಚಿದ ಕಾಗದವನ್ನು ಮತ್ತೆ ಬಿಚ್ಚಿದೆ. ನಿನ್ನ ಮಗಳಿಗೆ ಜ್ವರ ಬಂದಾಗ ನೀನು ಕೆಲಸಕ್ಕೆ ಹೋಗುತ್ತಿದ್ದೆ, ಮನೆಯಲ್ಲಿದ್ದವಳು ನಾನು. ದಿನ ಬಿಟ್ಟು ದಿನ, ಸರಿಯಾಗಿ ಮೂರು ಗಂಟೆಗೆ ಅವಳಿಗೆ ಚಳಿ ಬರುತ್ತಿತ್ತು. ಮಲೇರಿಯಾದ ಚಳಿ ಹೀಗೇ ಬರುವುದಂತೆ. ಆಸ್ಪತ್ರೆಗೆ ಎತ್ತಿಕೊಂಡು ಹೋದವಳೂ ನಾನೇ. "ಜ್ವರ ಬಿಟ್ಟು ಬೇರೇನಾದ್ರೂ ಇದೆಯಾ?" ಎಂದು ಡಾಕ್ಟರು ಎರಡು ಸಲ ಕೇಳಿದರು. ನಾನು ಆ ಚಳಿಯ ಮಾತೆತ್ತದೆ ಇಲ್ಲವೆಂದು ತಲೆಯಾಡಿಸಿದೆ. ಮಗು ಹೋದದ್ದಕ್ಕೆ ನೀನು ಇವತ್ತಿಗೂ ಆ ಡಾಕ್ಟರನ್ನು ಬಯ್ಯುತ್ತೀಯ. ಇನ್ನು ಅವರನ್ನು ಬಯ್ಯಬೇಡ.