ಕೋಡಿಯ ಮೇಲಿನ ದಾರಿ

ಸೆಪ್ಟೆಂಬರ್ 28, ಬೆಳಿಗ್ಗೆ 6.10

ಮೋಡ. ಸೈಕಲ್ ಚೈನಿಗೆ ಎಣ್ಣೆ ಬಿಟ್ಟೆ. ನೆನ್ನೆ ಹೊಸ ಹಿಟ್ಟಿನ ಗಿರಣಿ ಮ್ಯಾಪಿಗೆ ಸೇರಿಸಿದೆ — ಬಾಗಿಲು ತೆಗೆಯುವ ಹೊತ್ತು, ಭಾನುವಾರ ರಜ, ಎಲ್ಲ. ಇದು ನಾನೂರ ಹನ್ನೆರಡನೆಯದು. ಮನೆ, ತೋಟದ ಗೇಟು, ಅಂಗನವಾಡಿ, ಮಠದ ಹಿಂದಿನ ಓಣಿ, ಯಾವುದನ್ನೂ ಬಿಟ್ಟಿಲ್ಲ. ಮೂವತ್ತೊಂದು ವರ್ಷ ಟಪಾಲು ಹಂಚಿದ ಕಾಲಿಗೆ ಗೊತ್ತಿದ್ದದ್ದು ಈಗ ಫೋನಿಗೂ ಗೊತ್ತು.

ಮ್ಯಾಪಿನ ಕಂಪನಿಯಿಂದ ಮೇಲ್ ಬಂದಿದೆ. "ಅಭಿನಂದನೆಗಳು ಶಿವಮೂರ್ತಪ್ಪ. ನೀವು ಸೇರಿಸಿದ ದಾರಿಯನ್ನು ಈ ತಿಂಗಳು 640 ಜನ ನೋಡಿದ್ದಾರೆ." ಯಾವ ದಾರಿ ಅಂದರೆ ಕೋಡಿ ದಾರಿ. ಕಳೆದ ಬೇಸಿಗೆಯಲ್ಲಿ ಹಾಕಿದ್ದು. ಸಿಂಗಟಗೆರೆಯಿಂದ ನಮ್ಮೂರಿಗೆ ದೊಡ್ಡ ರಸ್ತೆಯಲ್ಲಿ ಸುತ್ತಿ ಬಂದರೆ ಹನ್ನೊಂದು ಕಿಲೋಮೀಟರ್. ಕೆರೆ ಏರಿ ಮೇಲೆ ಬಂದು, ಕೋಡಿಯ ಕಲ್ಲುಹಾಸು ದಾಟಿ ಇಳಿದರೆ ಮೂರೇ. ಕೆರೆ ತುಂಬಿದಾಗ ಹೆಚ್ಚಿನ ನೀರು ಹೊರಗೆ ಬೀಳಲಿ ಅಂತ ಕಟ್ಟಿದ ಕಲ್ಲುಹಾಸು ಅದು. ತುಂಬಿದ್ದು ಯಾವಾಗ? ಹದಿನಾಲ್ಕು ವರ್ಷವಾಯಿತು. ಆ ವರ್ಷ ಬಿಟ್ಟರೆ ನಾನು ಸರ್ವೀಸ್ ಪೂರ್ತಿ ಅದರ ಮೇಲೆಯೇ ಸೈಕಲ್ ಹೊಡೆದವನು. ಈಗ ಬೈಕುಗಳು, ಓಮ್ನಿಗಳು ಎಲ್ಲ ಅಲ್ಲೇ.

ಮೇಲ್ ಓದಿ ಹೆಂಡತಿಗೆ ಹೇಳಿದೆ. ದಾಕ್ಷಾಯಣಿ ಹಿಟ್ಟು ಕಲಸುತ್ತಾ, "ರಿಟೈರಾಗಿ ಆರು ವರ್ಷ ಆಯ್ತು. ನಿಮ್ಮ ಬಟವಾಡೆ ಇನ್ನೂ ಮುಗಿದಿಲ್ವಾ?" ಅಂದಳು.

ಅನ್ನಲಿ. ಲೋಕವೆಲ್ಲ ಏನು ಬೇಕಾದರೂ ಅವರ ಹತ್ತಿರ ಹುಡುಕುತ್ತದೆ. ಅವರು ನಮ್ಮೂರನ್ನು ನನ್ನ ಹತ್ತಿರ ಕೇಳುತ್ತಾರೆ. ಸಣ್ಣ ಮಾತಲ್ಲ.

ಅಕ್ಟೋಬರ್ 9

ಐದು ದಿನದಿಂದ ಮಳೆ. ಸೈಕಲ್ ಹೊರಗೆ ತೆಗೆದಿಲ್ಲ. ನೀರಗಂಟಿ ಕಲ್ಲಪ್ಪ ಗೊಬ್ಬರದ ಚೀಲ ಕೊಪ್ಪೆ ಹಾಕಿಕೊಂಡು ಬಂದಿದ್ದ. ಕೆರೆಯ ತೂಬು, ನೀರು, ಪಾಲು ಎಲ್ಲ ಅವನದೇ ಕೈ, ಅವನಪ್ಪನ ಕಾಲದಿಂದ.

"ಪೋಸ್ಟಪ್ಪ, ಈ ಸಲ ಕೋಡಿ ಬೀಳ್ತದೆ ಕಣೋ. ಇನ್ನು ಎರಡು ಮೊಳ ಅಷ್ಟೇ."

"ಪ್ರತಿ ವರ್ಷ ಇದನ್ನೇ ಹೇಳ್ತೀಯ."

"ಪ್ರತಿ ವರ್ಷ ಸುಳ್ಳು ಹೇಳಿದ್ದೆ. ಈ ವರ್ಷ ನಿಜ ಹೇಳ್ತಿದೀನಿ."

ಕಾಫಿ ಕುಡಿದು ಹೋದ. ಅವನ ಚಿಕ್ಕಪ್ಪನ ಮಗಳು ಕಾಂತಮ್ಮ, ತರೀಕೆರೆಯಲ್ಲಿರುವುದು. ಅವಳ ಮಗಳು ಪ್ರತಿಮಾಗೆ ಅಜ್ಜಂಪುರದ ಕಡೆ ಗಂಡು ಗೊತ್ತಾಗಿದೆಯಂತೆ. ಕಾಂತಮ್ಮನ ಮಗ ಚಂದ್ರಕುಮಾರ್ ಲಗ್ನಪತ್ರಿಕೆ ಕೊಡಲು ಬರುತ್ತಾನೆ ಅಂತ ಕಲ್ಲಪ್ಪನಿಗೆ ಸಂಭ್ರಮ. ಹುಡುಗ ಈ ಊರಿಗೆ ಬಂದು ಹೋಗಿ ಹದಿನೈದು ವರ್ಷವಾಗಿದೆ.

ಅಕ್ಟೋಬರ್ 14

ಕೋಡಿ ಬಿತ್ತು. ಹನ್ನೊಂದು ಗಂಟೆಗೆ. ಊರಿಗೆ ಊರೇ ಏರಿ ಮೇಲೆ. ತಮಟೆ. ಹೆಂಗಸರು ಅರಿಶಿನ ಕುಂಕುಮ ಎರಚಿದರು. ಭಾನುವಾರ ಬಾಗಿನ ಬಿಡುವುದು ಅಂತ ತೀರ್ಮಾನ. ಕಲ್ಲಪ್ಪ ಅತ್ತುಬಿಟ್ಟ.

ನಾನು ಸೈಕಲ್ ಹೊಡೆದ ಕಲ್ಲು ಕಾಣುತ್ತಿಲ್ಲ. ಸೊಂಟದುದ್ದ ನೀರು, ಕೆಂಪಗೆ, ಆಚೆ ಹಳ್ಳಕ್ಕೆ ಧುಮುಕುತ್ತಿದೆ. ಆರು ಫೋಟೋ ತೆಗೆದೆ. ಚೆನ್ನಾಗಿ ಬಂದದ್ದು ಆರಿಸಿ ಮ್ಯಾಪಿಗೆ ಹಾಕಿದೆ. "ಹದಿನಾಲ್ಕು ವರ್ಷದ ನಂತರ ತುಂಬಿದ ನಮ್ಮ ಕೆರೆ."

ಅಕ್ಟೋಬರ್ 16, ಸಂಜೆ 7

ಈಗಷ್ಟೇ ಏರಿಯಿಂದ ಬಂದೆ.

ಐದೂಮುಕ್ಕಾಲಿಗೆ ಒಂದು ಓಮ್ನಿ ಕೋಡಿಗೆ ಇಳಿದಿದೆ. ಸಿಂಗಟಗೆರೆ ಕಡೆಯಿಂದ. ಒಳಗೆ ಇಬ್ಬರು. ಒಬ್ಬ ಈಜಿ ಬಂದ. ಇನ್ನೊಬ್ಬ ಚಂದ್ರಕುಮಾರ್.

ಈಜಿ ಬಂದವನು ಅವನ ಸ್ನೇಹಿತ, ಹಾಲೇಶ್ ಅಂತೆ. ಕಲ್ಲಪ್ಪನ ಕಂಬಳಿ ಹೊದ್ದು ಏರಿ ಮೇಲೆ ಕೂತಿದ್ದ. ಹಲ್ಲು ಕಟಕಟ ಅನ್ನುತ್ತಿತ್ತು. ಪೊಲೀಸರು ಕೇಳಿದರು, ನೀರು ಕಾಣಲಿಲ್ವೇನಪ್ಪಾ ಅಂತ.

"ಕಾಣ್ತಿತ್ತು ಸಾರ್. ಆದ್ರೆ ಫೋನು ಬಲಕ್ಕೆ ತಿರುಗಿ ಅಂತು. ರಸ್ತೆ ಅಂತ ತೋರಿಸ್ತಿತ್ತು. ಕೆಳಗಡೆ ಸೇತುವೆ ಐತೆ, ಮೇಲೆ ಸ್ವಲ್ಪ ನೀರು ಬಂದೈತೆ ಅಂದ್ಕೊಂಡ್ವಿ."

ಕಲ್ಲಪ್ಪ ಒಂದೇ ಮಾತು ಹೇಳುತ್ತಿದ್ದ. "ದೊಡ್ಡ ರಸ್ತೆ ಹಿಡಿದು ಬಾ ಅಂದಿದ್ದೆ. ಮ್ಯಾಪ್ ಹಾಕ್ಕೊಂಡು ಬತ್ತೀನಿ ಬಿಡು ಮಾವ ಅಂದ. ಬಿಡು ಮಾವ ಅಂದ."

ಯಾರೋ ಅಂದರು, ಆ ಫೋನಿನೋರನ್ನ ಹಿಡಿದು ಒದೀಬೇಕು ಅಂತ. ಎಲ್ಲರೂ ಹೌದೌದು ಅಂದರು. ನಾನೂ ತಲೆ ಆಡಿಸಿದೆ. ತಲೆ ಆಡಿಸಿದೆನಲ್ಲ…

ಅಕ್ಟೋಬರ್ 17

ಬೆಳಿಗ್ಗೆ ಏಳಕ್ಕೆ ಅವನ ದೇಹ ಸಿಕ್ಕಿತು, ಹಳ್ಳದ ಜೊಂಡಿನಲ್ಲಿ. ಇಪ್ಪತ್ತೇಳು ವರ್ಷ.

ಮನೆಗೆ ಬಂದು ಫೋನ್ ತೆಗೆದೆ. ದಾರಿ ಹಾಗೇ ಇದೆ, ಏರಿ ಮೇಲಿಂದ ನೀರಿನ ಮೇಲೆ ನೆಟ್ಟಗೆ. ಅದರ ಪಕ್ಕದಲ್ಲೇ ನನ್ನ ಫೋಟೋ, ತುಂಬಿದ ಕೆರೆ. ಫೋಟೋ ಹಾಕುವಾಗ ದಾರಿಯ ನೆನಪೇ ಬರಲಿಲ್ಲ. ಬರಲೇ ಇಲ್ಲ. ನನ್ನ ಲೆಕ್ಕದಲ್ಲಿ ಕೋಡಿ ಅಂದರೆ ಕಲ್ಲು. ನೀರನ್ನು ಕಣ್ಣಾರೆ ನೋಡಿಯೂ ಅದು ಕಲ್ಲೇ.

"ಈ ರಸ್ತೆ ಇಲ್ಲ" ಅನ್ನುವುದನ್ನು ಒತ್ತಿದೆ. "ಧನ್ಯವಾದ. ನಿಮ್ಮ ತಿದ್ದುಪಡಿ ಪರಿಶೀಲನೆಯಲ್ಲಿದೆ" ಅಂತ ಬಂತು. ಹಾಕುವಾಗ ಎರಡು ದಿನದಲ್ಲಿ ಒಪ್ಪಿಕೊಂಡಿದ್ದರು. ತೆಗೆಯುವುದಕ್ಕೂ ಅಷ್ಟೇ ಆಗಬಹುದು.

ನಾನು ಹಾಕಿದ್ದು ಅಂತ ನನ್ನ ಫೋನಿಗೆ ಬಿಟ್ಟು ಯಾರಿಗೂ ಗೊತ್ತಿಲ್ಲ. ಮೇಲ್ ಬಂದದ್ದು ಯಾವ ದಾರಿಗೆ ಅಂತ ದಾಕ್ಷಾಯಣಿಯೂ ಕೇಳಿರಲಿಲ್ಲ.

ಅಕ್ಟೋಬರ್ 19

ಬಾಗಿನ ಮುಂದಕ್ಕೆ ಹೋಯಿತು. ಕಲ್ಲಪ್ಪನಿಗೆ ಸೂತಕ. ಮೊದಲ ಮೊರ ನೀರಿಗೆ ಬಿಡಬೇಕಾದವನು ನೀರಗಂಟಿ, ಅವನಿಲ್ಲದೆ ಆಗುವುದಿಲ್ಲ.

ಹಳ್ಳದ ದಂಡೆಯಲ್ಲಿ ಒಂದು ಲಗ್ನಪತ್ರಿಕೆ ಸಿಕ್ಕಿತು. ಜೊಂಡಿಗೆ ಅಂಟಿಕೊಂಡಿತ್ತು. ಕವರಿನ ಅರಿಶಿನ ತೊಳೆದುಹೋಗಿದೆ, ಬಾಲ್‌ಪೆನ್ನಿನ ಅಕ್ಷರ ಉಳಿದಿದೆ. "ಶ್ರೀ ಕಲ್ಲಪ್ಪ ಮಾವನವರು ಮತ್ತು ಕುಟುಂಬ." ಚಂದ್ರಕುಮಾರನದೇ ಕೈಬರಹ ಇರಬೇಕು. ಜೇಬಿಗೆ ಹಾಕಿಕೊಂಡು ಬಂದೆ. ಈಗ ಪಂಚಾಂಗದ ಒಳಗೆ ಒಣಗಲು ಇಟ್ಟಿದ್ದೇನೆ.

ಕೊಡಬೇಕು. ಕಲ್ಲಪ್ಪನ ಮನೆ ನಾಲ್ಕು ಬಾಗಿಲು ಆಚೆ. ವಿಳಾಸ ಇರುವ ಕಾಗದವನ್ನು ನಾನು ಒಂದು ದಿನವೂ ಇಟ್ಟುಕೊಂಡವನಲ್ಲ.

ಅಕ್ಟೋಬರ್ 21

"ನಿಮ್ಮ ತಿದ್ದುಪಡಿಯನ್ನು ಸ್ವೀಕರಿಸಲಾಗಲಿಲ್ಲ. ಈ ದಾರಿಯಲ್ಲಿ ಜನರ ಓಡಾಟ ಕಂಡುಬಂದಿದೆ."

ಯಾರ ಓಡಾಟ? ಪೇಪರಿನಲ್ಲಿ ಬಂದ ಮೇಲೆ ಕಡೂರು, ಬೀರೂರಿನಿಂದೆಲ್ಲ ಜನ ನೋಡಲು ಬರುತ್ತಿದ್ದಾರೆ. ಕೋಡಿ ಅಂಚಿನಲ್ಲಿ ನಿಂತು ಸೆಲ್ಫಿ. ಅವರ ಜೇಬಿನ ಫೋನುಗಳನ್ನು ಎಣಿಸಿ ಇದು ರಸ್ತೆ ಅನ್ನುತ್ತಾರೆ. ಅವನು ಸತ್ತ ಜಾಗ ನೋಡಲು ಬಂದವರೇ ದಾರಿಯನ್ನು ಗಟ್ಟಿ ಮಾಡಿದರು.

ಫೋನ್ ಮಾಡೋಣವೆಂದರೆ ನಂಬರಿಲ್ಲ. ಕಾಗದ ಬರೆಯೋಣವೆಂದರೆ ಯಾರಿಗೆ? ಅವರ ವಿಳಾಸವನ್ನೂ ಅವರಲ್ಲೇ ಹುಡುಕಬೇಕಾಯಿತು. ಬೆಂಗಳೂರಿನ ಒಂದು ಆಫೀಸು ಸಿಕ್ಕಿತು. ಎರಡು ಪುಟ ಬರೆದು, ಕೋಡಿಯ ನಕ್ಷೆ ಬಿಡಿಸಿ, ರಿಜಿಸ್ಟರ್ ಮಾಡಿದೆ. ಸ್ವೀಕೃತಿ ಕಾರ್ಡ್ ಸಮೇತ. "ದಾರಿ ಹಾಕಿದವನು ನಾನೇ" ಅಂತ ಅದರಲ್ಲಿ ಬರೆದಿದ್ದೇನೆ. ಮುಖ ಕಾಣದವರಿಗೆ ಬರೆಯುವುದು ಸುಲಭ.

ಅಕ್ಟೋಬರ್ 29

ಸ್ವೀಕೃತಿ ಕಾರ್ಡ್ ಬಂತು. ಒಂದು ಗುಂಡು ಮೊಹರು. ಹೆಸರಿಲ್ಲ, ಸಹಿ ಇಲ್ಲ.

ನವೆಂಬರ್ 3, ಮಧ್ಯಾಹ್ನ

ಪಂಚಾಯಿತಿಯವರು ಕಟ್ಟಿದ ಮುಳ್ಳುಬೇಲಿಯನ್ನು ಬಂದವರು ಸರಿಸಿ ಹೋಗುತ್ತಾರೆ. ಎಂಟು ದಿನದಿಂದ ನಾನೇ ಹೋಗಿ ಕೂರುತ್ತಿದ್ದೇನೆ, ಏರಿಯ ಆ ತುದಿಯಲ್ಲಿ, ಕುರ್ಚಿ ಹಾಕಿಕೊಂಡು. ನೀರು ಮೊಣಕಾಲಿಗೆ ಇಳಿದಿದೆ. ಸೆಳೆತ ಇಳಿದಿಲ್ಲ.

ಇವತ್ತು ಒಬ್ಬ ಕಾರಿನವನು. ಹಿಂದೆ ಹೆಂಡತಿ, ಮಗು.

"ಈ ಕಡೆ ದಾರಿ ಇಲ್ಲ. ತಿರುಗಿಸ್ಕೊಳಿ."

"ಮ್ಯಾಪಲ್ಲಿ ತೋರಿಸ್ತಿದೆಯಲ್ಲ ಯಜಮಾನ್ರೇ."

"ನಾನು ಹೇಳ್ತಿದೀನಲ್ಲ. ಮೂವತ್ತೊಂದು ವರ್ಷ ಓಡಾಡಿದೀನಿ ಇಲ್ಲಿ."

ಅವನು ನನ್ನ ಮುಖ ನೋಡಿದ, ಫೋನ್ ನೋಡಿದ. ಫೋನನ್ನೇ ನಂಬಿದ. ಬಾನೆಟ್ ಮುಂದೆ ಹೋಗಿ ನಿಂತುಬಿಟ್ಟೆ. ನನ್ನ ಮೇಲೆ ಹತ್ತಿಸು ಅಂದೆ. ಬೈದುಕೊಂಡು ತಿರುಗಿಸಿದ. ಅವನ ಫೋನು ಒಳಗಿಂದ ಹೇಳುತ್ತಲೇ ಇತ್ತು — ಬಲಕ್ಕೆ ತಿರುಗಿ, ಬಲಕ್ಕೆ ತಿರುಗಿ. ಆ ಹೆಣ್ಣು ದನಿ ಈಗ ಮನೆಯಲ್ಲೂ ಕೇಳುತ್ತದೆ. ಸ್ನಾನ ಮಾಡುವಾಗ, ನೀರು ಹೊಯ್ದುಕೊಳ್ಳುವಾಗ. ಚಂದ್ರಕುಮಾರ್ ಕೊನೆಗೆ ಕೇಳಿದ್ದು ಅದೇ ದನಿ. ಆದರೆ ಮಾತು ನನ್ನದು.

ಮನೆಗೆ ಬಂದರೆ ಮೇಲ್. "ಅಭಿನಂದನೆಗಳು ಶಿವಮೂರ್ತಪ್ಪ. ಕಳೆದ ತಿಂಗಳು 5,218 ಜನ." ಮೂಲೆಯಲ್ಲಿ ಬಣ್ಣದ ಕಾಗದ ಉದುರುವ ಚಿತ್ರ. ಫೋನ್ ಕವುಚಿ ಇಟ್ಟೆ.

ದಾಕ್ಷಾಯಣಿಗೆ ಹೇಳಿದೆ. ಎಲ್ಲ.

"ಯಾರ್ಗೂ ಹೇಳಬ್ಯಾಡ್ರೀ," ಅಂದಳು. ಆಮೇಲೆ ಅಡುಗೆಮನೆಯಿಂದ, "ಮುಂದಿನ ಸಲ ಮಗು ಇರೋ ಕಾರು ಬಂದಾಗ ನೀವು ಊಟಕ್ಕೆ ಬಂದಿದ್ರೆ?"

ನವೆಂಬರ್ 5

ಒಬ್ಬನ ಮಾತು ಅವರಿಗೆ ಸಾಲುವುದಿಲ್ಲ. ಸಹಾಯದ ಪುಟ ಓದಿದೆ. ಬಹಳ ಜನ ಒಟ್ಟಿಗೆ ಈ ರಸ್ತೆ ಇಲ್ಲ ಅಂತ ಒತ್ತಿದರೆ ಕೇಳಿಯಾರು. ಊರಲ್ಲಿ ನೂರೈವತ್ತು ಫೋನಾದರೂ ಇವೆ. ಒತ್ತಿ ಅಂತ ಹೇಳಬೇಕು. ಹೇಳಿದರೆ ಕೇಳುತ್ತಾರೆ — ನಿನಗೆ ಹೇಗೆ ಗೊತ್ತು, ಯಾರು ಹಾಕಿದ್ದು?

ಸುಳ್ಳು ಹೇಳಬಹುದು. ನೆನ್ನೆಯಿಂದ ಮೂರು ಸುಳ್ಳು ಕಟ್ಟಿ ನೋಡಿದೆ. ಮೂರೂ ಚೆನ್ನಾಗಿವೆ. ಪಂಚಾಂಗ ತೆಗೆದಾಗಲೆಲ್ಲ ಆ ಕವರು ಕಾಣುತ್ತದೆ.

ನಾಳೆ ಬಾಗಿನ.

ನವೆಂಬರ್ 6, ಸಂಜೆ

ಹೇಳಿದೆ.

ಕಲ್ಲಪ್ಪ ನೀರಿಗೆ ಇಳಿದು ಮೊದಲ ಮೊರ ಬಿಟ್ಟ. ಇಪ್ಪತ್ತು ದಿನದಲ್ಲಿ ಅರ್ಧ ಆಗಿದ್ದಾನೆ. ಅವನು ಮೇಲೆ ಬರುವವರೆಗೆ ಕಾದೆ. ಮಂಗಳಾರತಿ ಆಗಲಿ ಅಂತ ಕಾದೆ. ಇನ್ನು ಕಾದರೆ ಆಗುವುದಿಲ್ಲ ಅನ್ನಿಸಿತು.

"ಆ ದಾರಿ ಫೋನಿಗೆ ಹಾಕಿದ್ದು ನಾನು," ಅಂದೆ.

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಒಬ್ಬರು, "ಅದನ್ನ ಕಂಪನಿಯೋರು ಹಾಕೋದಲ್ವೇನಪ್ಪಾ?" ಅಂದರು.

"ಕಂಪನಿಯೋರು ನಮ್ಮೂರು ನೋಡೇ ಇಲ್ಲ. ಕೋಡಿ ಅಂದ್ರೆ ಏನು ಅಂತಾನೂ ಅವ್ರಿಗೆ ಗೊತ್ತಿಲ್ಲ. ಗೊತ್ತಿದ್ದೋನು ನಾನು. ನಾನು ಹಾಕ್ದೆ."

ಜೇಬಿನಿಂದ ಪತ್ರಿಕೆ ತೆಗೆದು ಕಲ್ಲಪ್ಪನಿಗೆ ಕೊಟ್ಟೆ. ತಿರುಗಿಸಿ ಕೈಬರಹ ನೋಡಿದ.

"ಯಾವತ್ತು ಸಿಕ್ತು?"

"ಹತ್ತೊಂಬತ್ತನೇ ತಾರೀಖು."

"ಹದಿನೆಂಟು ದಿನ," ಅಂದ. ಒದ್ದೆ ಪಂಚೆಯಲ್ಲೇ ಏರಿ ಮೇಲೆ ನಡೆದು ಹೋದ. ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದೆ.

ಆಮೇಲೆ ಒಬ್ಬೊಬ್ಬರೇ ಫೋನ್ ತೆಗೆದರು. ಎಲ್ಲಿ ಒತ್ತಬೇಕು ಅಂತ ತೋರಿಸಿಕೊಟ್ಟೆ. ನನ್ನ ಮುಖ ನೋಡದೆ ಫೋನ್ ಮುಂದೆ ಚಾಚುತ್ತಿದ್ದರು. ತೊಂಬತ್ತಾರು ಜನ.

ನವೆಂಬರ್ 10

ದಾರಿ ಹೋಯಿತು. ಬೆಳಿಗ್ಗೆ ನೋಡಿದರೆ ಕೋಡಿಯ ಜಾಗದಲ್ಲಿ ಬರೀ ನೀಲಿ. ಸಿಂಗಟಗೆರೆಯಿಂದ ಹನ್ನೊಂದು ಕಿಲೋಮೀಟರ್ ಅಂತ ತೋರಿಸುತ್ತಿದೆ. ಸತ್ತವನು ಇದನ್ನು ನೋಡಬೇಕಿತ್ತು, ಇಪ್ಪತ್ತೈದು ದಿನದ ಹಿಂದೆ.

ಕುರ್ಚಿ ಮನೆಗೆ ತಂದೆ. ಕಲ್ಲಪ್ಪ ಎದುರಿಗೆ ಸಿಕ್ಕಿದ, ಮುಖ ತಿರುಗಿಸಿ ಹೋದ. ನಲವತ್ತು ವರ್ಷದ ಸ್ನೇಹ.

ಇನ್ನೊಂದು ಮನೆ ಬಾಕಿ ಇದೆ.

ನವೆಂಬರ್ 12, ರಾತ್ರಿ ಊಟಕ್ಕೆ ಮುಂಚೆ

ತರೀಕೆರೆಗೆ ಹೋಗಿ ಬಂದೆ. ಕಡೂರಿನಲ್ಲಿ ಬಸ್ ಬದಲಾಯಿಸಿ. ಮನೆ ಹುಡುಕಲು ಫೋನ್ ತೆಗೆಯಲಿಲ್ಲ, ಬಾಯಲ್ಲಿ ಕೇಳಿಕೊಂಡು ಹೋದೆ. ಶಾಮಿಯಾನದ ಗೂಟಗಳು ಅಂಗಳದಲ್ಲಿ ಹಾಗೇ ಬಿದ್ದಿದ್ದವು. ಮದುವೆ ಮುಂದಕ್ಕೆ ಹೋಗಿದೆ.

"ಬನ್ನಿ, ಕೂತ್ಕಳಿ. ಕಲ್ಲಪ್ಪಣ್ಣನ ಊರೋರಾ?" ಅಂದರು ಕಾಂತಮ್ಮ. ಪ್ರತಿಮಾ ನೀರು ತಂದಿಟ್ಟಳು. ಮುಟ್ಟಲಿಲ್ಲ. ನಿಂತೇ ಹೇಳಿದೆ. ಯಾರು, ಏನು ಮಾಡಿದೆ, ಯಾಕೆ ಮಾಡಿದೆ.

ಪ್ರತಿಮಾ ಒಳಗೆ ಹೋದಳು. ಕಾಂತಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡು ನನ್ನನ್ನೇ ನೋಡಿದರು. ಕಾಲಿನಿಂದ ತಲೆಯವರೆಗೆ, ನಿಧಾನಕ್ಕೆ.

"ಫೋನೊಳಗೆ ಯಾರೂ ಇಲ್ಲ ಅಂದ್ಕೊಂಡಿದ್ದೆ," ಅಂದರು. "ಮಿಷಿನ್ ಅಂತ ಎಲ್ರೂ ಹೇಳಿದ್ರು. ಮಿಷಿನ್ನಿಗೆ ಶಾಪ ಹಾಕಿದ್ರೆ ತಟ್ಟುತ್ತಾ? ಇಷ್ಟು ದಿನ ಯಾರನ್ನ ಬೈಯ್ಯೋದು ಅಂತ ಗೊತ್ತಾಗ್ದೆ ಅವನನ್ನೇ ಬೈತಿದ್ದೆ, ನನ್ನ ಮಗನ್ನೇ. ನೀರು ಕಾಣ್ತಿದ್ರೂ ಇಳಿದ್ಯಲ್ಲೋ ಅಂತ."

ಸೆರಗಿನಿಂದ ಮುಖ ಒರೆಸಿಕೊಂಡರು.

"ನಿನ್ನ ಹೆಸರೇನು ಅಂದೆ?"

"ಶಿವಮೂರ್ತಪ್ಪ."

ಎರಡು ಸಲ ತಮಗೆ ತಾವೇ ಹೇಳಿಕೊಂಡರು, ಬಾಯಿಪಾಠ ಮಾಡುವವರ ಹಾಗೆ. ಆಮೇಲೆ ಹೊಸ್ತಿಲ ಮೇಲೆ ಕುಸಿದು ಕೂತರು.

"ಇವತ್ತು ಬೈಯ್ಯೋಕೆ ನನ್ನ ಕೈಲಿ ಆಗಲ್ಲ. ಗಂಟಲಲ್ಲಿ ಶಕ್ತಿ ಇಲ್ಲ," ಅಂದರು. "ನಾಳೆ ಬಾ."

ನವೆಂಬರ್ 13, ಬೆಳಿಗ್ಗೆ 6.20

ಮಂಜು. ದಾಕ್ಷಾಯಣಿ ಕೇಳಿದಳು, "ಮತ್ತೆ ಯಾಕ್ರೀ ಹೋಗ್ಬೇಕು? ಹೇಳಿ ಆಯ್ತಲ್ಲ." ಬಾ ಅಂದಿದ್ದಾರೆ ಅಂದೆ. ಬುತ್ತಿ ಕಟ್ಟಿಕೊಟ್ಟಳು, ಬೇಡವೆಂದರೂ ಕೇಳಲಿಲ್ಲ.

ಏಳರ ಬಸ್ಸು. ಕಲ್ಲಪ್ಪನ ಬಾಗಿಲು ತೆಗೆದಿದೆ, ಜಗುಲಿ ಮೇಲೆ ಕೂತಿದ್ದಾನೆ. ನಾನು ಎಲ್ಲಿಗೆ ಹೊರಟಿದ್ದೇನೆ ಅಂತ ಅವನಿಗೆ ಗೊತ್ತು.

ಕಾಂತಮ್ಮ ಏನು ಅಂದರೂ ಪೂರ್ತಿ ಕೇಳಿಸಿಕೊಳ್ಳಬೇಕು. ನಡುವೆ ಬಾಯಿ ಹಾಕಬಾರದು. ಕ್ಷಮಿಸಿ ಅನ್ನಬಾರದು, ಅದು ನನಗೋಸ್ಕರ ಆಗುತ್ತದೆ. ಸಾಕು ಅನ್ನುವವರೆಗೆ ನಿಂತಿರಬೇಕು. ಇವತ್ತು ಮುಗಿಯದಿದ್ದರೆ ನಾಳೆ, ನಾಳೆ ಮುಗಿಯದಿದ್ದರೆ —