ಚಿತ್ರವಿಲ್ಲದ ಊರಿಗೆ ಬಾಗಿಲು

ಅಲೆಕ್ಸಾಂಡ್ರಿಯಾ, ಮೊಹರಂ ಬೇ
೧೨ ನವೆಂಬರ್ ೨೦೦೮, ಬುಧವಾರ

ಪ್ರೀತಿಯ ರಾವಿಯಾ ಅಕ್ಕನಿಗೆ,

ನಿನ್ನ ಸೊಂಟನೋವು ಹೇಗಿದೆ? ಕುವೈತಿನ ಏಸಿಯ ಕೆಳಗೇ ಮಲಗಬೇಡ ಎಂದರೆ ನೀನು ಕೇಳುವವಳಲ್ಲ. ಪುಟ್ಟ ಜೌದತ್‌ಗೆ ಹಲ್ಲು ಬಂದವೇ? ಇಲ್ಲಿ ಅಮ್ಮನ ಆರೋಗ್ಯ ಚೆನ್ನಾಗಿದೆ. ನನ್ನ ಮೇಲೆ ಸಿಟ್ಟಾದ ಮೇಲೆ ಇನ್ನೂ ಚೆನ್ನಾಗಿದೆ. ಮೊಲೊಖಿಯಾ ಸೊಪ್ಪಿನ ಸಾರಿಗೆ ಬೆಳ್ಳುಳ್ಳಿ ಹುರಿಯುವಾಗ ಬಾಣಲೆ ಬಡಿಯುವ ಸದ್ದಿನಲ್ಲೇ ಅವಳ ತೋಳಿನ ಬಲ ತಿಳಿಯುತ್ತದೆ.

ಫೋನ್ ಮಾಡಿದರೆ ಅಮ್ಮ ಪಕ್ಕದಲ್ಲೇ ಬಂದು ಕೂರುತ್ತಾಳೆ. ಇಮೇಲ್ ಕಳಿಸಿದರೆ ನಿನಗಿಂತ ಮೊದಲು ಭಾವ ಓದುತ್ತಾರೆ. ಅದಕ್ಕೇ ಮನೆಯಲ್ಲಿ ಟೈಪ್ ಮಾಡಿ, ಬೀದಿಯ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ, ಮಗನನ್ನು ನೋಡಲು ನಿಮ್ಮೂರಿಗೆ ಹೊರಟಿರುವ ಕೆಳಮನೆಯ ಹಾಜಿ ಬಸ್ಯೂನಿಯವರ ಕೈಯಲ್ಲಿ ಕೊಡುತ್ತಿದ್ದೇನೆ. ಅಂಗಡಿಯವನು ಓದಿಕೊಂಡರೆ ಓದಿಕೊಳ್ಳಲಿ. ಅಂಧರ ಸಂಘದಿಂದ ನನ್ನನ್ನು ತೆಗೆದರು ಎಂದು ಅಮ್ಮ ನಿನಗೆ ಹೇಳಿದ್ದಾಳೆ. ಏಕೆ ತೆಗೆದರು ಎಂಬುದನ್ನು ನನ್ನ ಬಾಯಿಂದಲೇ ಕೇಳು.

ನಾವು ಚಿಕ್ಕವರಿದ್ದಾಗ ಟ್ರಾಮಿನ ಕಿಟಕಿಯ ಪಕ್ಕ ಕೂತು ನೀನು ನನಗೆ ಊರನ್ನು ಹೇಳುತ್ತಿದ್ದೆಯಲ್ಲ, ಈಗ ಮೀನಿನ ಗಾಡಿ ಬಂತು, ಈಗ ಹಳದಿ ಗೋಡೆ, ಎಡಕ್ಕೆ ಮೆಟ್ಟಿಲು ಇಳಿಯುತ್ತದೆ, ಕೆಳಗೆ ಸಮುದ್ರ ಎಂದು. ಕಂಪ್ಯೂಟರಿನಲ್ಲಿ ಅಂಥದೇ ಒಂದು ಆಟವಿದೆ. ಅದರಲ್ಲಿ ಚಿತ್ರವೇ ಇಲ್ಲ, ಬರೀ ಮಾತು. ನೀನು ಕಲ್ಲಿನ ಸೇತುವೆಯ ಮೇಲಿದ್ದೀಯ, ಉತ್ತರಕ್ಕೆ ಕೋಟೆಯ ಬಾಗಿಲಿದೆ ಎಂದು ಅದು ಬರೆಯುತ್ತದೆ. ನಮ್ಮ ಕಂಪ್ಯೂಟರಿನ ಓದುವ ದನಿ ಅದನ್ನು ಕಿವಿಗೆ ಹೇಳುತ್ತದೆ. ನಾವು ಉತ್ತರಕ್ಕೆ ಎಂದು ಟೈಪ್ ಮಾಡಿದರೆ ಉತ್ತರಕ್ಕೆ ಹೋಗುತ್ತೇವೆ. ಎಲ್ಲೆಲ್ಲಿಯದೋ ದೇಶದ ಜನ ಅದೇ ಹೊತ್ತಿನಲ್ಲಿ ಅಲ್ಲಿ ನಡೆದಾಡುತ್ತಿರುತ್ತಾರೆ, ಮಾತಾಡುತ್ತಾರೆ, ಜಗಳವಾಡುತ್ತಾರೆ. ಯಾರಿಗೆ ಕಣ್ಣಿದೆ, ಯಾರಿಗಿಲ್ಲ ಎಂದು ಅಲ್ಲಿ ಯಾರೂ ಕೇಳುವುದಿಲ್ಲ.

ಸಂಘಕ್ಕೆ ಹೊಸ ಕಂಪ್ಯೂಟರುಗಳು ಬಂದಾಗ ಹುಡುಗಿಯರಿಗೆ ಟೈಪಿಂಗ್ ಕಲಿಸುವ ಕೆಲಸ ನನಗೆ ಸಿಕ್ಕಿತ್ತು. ಪಾಠ ಮುಗಿದ ಮೇಲೆ ಆ ಆಟಕ್ಕೂ ಒಂದು ದಾರಿ ಮಾಡಿಕೊಟ್ಟೆ. ಡೆಸ್ಕ್‌ಟಾಪಿನ ಮೇಲೆ ಹೊಸ ಶಾರ್ಟ್‌ಕಟ್ ಎಂದು ಒತ್ತಿ, ಎಲ್ಲಿಗೆ ಎಂದು ಕೇಳಿದ ಜಾಗದಲ್ಲಿ ದೂರದ ಕಂಪ್ಯೂಟರಿಗೆ ಜೋಡಿಸುವ ಟೆಲ್ನೆಟ್ ಎಂಬ ಪದ ಬರೆದು, ಆ ಲೋಕದ ವಿಳಾಸವನ್ನೂ ಸಂಖ್ಯೆಯನ್ನೂ ಸೇರಿಸಿದರೆ ಆಯಿತು. ಬಾಣದ ಕೀಲಿಯಲ್ಲಿ ಸರಿಯುತ್ತ ಅದರ ಮೇಲೆ ಬಂದು ಎಂಟರ್ ಒತ್ತಿದರೆ ಸಾಕು. ಅದಕ್ಕೆ ‘ಬಾಗಿಲು’ ಎಂದು ಹೆಸರಿಟ್ಟೆ. ಒಂದು ಯಂತ್ರದಲ್ಲಿ ನಾನು ಮಾಡಿದೆ, ಉಳಿದವುಗಳಲ್ಲಿ ಹುಡುಗಿಯರೇ ಮಾಡಿದರು.

ಅವರಲ್ಲಿ ಮಬ್ರೂಕಾ ಎಂಬವಳಿದ್ದಾಳೆ. ಓಣಿಯ ಆಚೆ ತಮ್ಮನ ಕೈ ಹಿಡಿಯದೆ ಹೋಗುವ ಹಾಗಿಲ್ಲ. ಆಟದೊಳಗೆ ಅವಳು ಕಳ್ಳರ ಗುಂಪಿಗೆ ಸೇರಿದಳು. ನಾರ್ವೆಯ ಯಾರದೋ ಕುದುರೆ ಕದ್ದು, ಅದನ್ನು ಅವನಿಗೇ ಮಾರಿದಳು. “ಅಕ್ಕಾ, ಅವನು ಬೈದ. ನನ್ನನ್ನ ಪಾಪ ಅನ್ನದೆ ಬೈದವನು ಇವನೊಬ್ಬನೇ,” ಎಂದು ಸಂಭ್ರಮದಿಂದ ಹೇಳಿದಳು. ನನಗೆ ನಗು ತಡೆಯಲಾಗಲಿಲ್ಲ.

ಅಧ್ಯಕ್ಷರಾದ ಉಸ್ತಾದ್ ಶೌಕತ್ ನಿನಗೆ ಗೊತ್ತು. ಅವರಿಗೂ ಕಣ್ಣಿಲ್ಲ. ನನ್ನ ಬೆರಳು ಹಿಡಿದು ಬ್ರೈಲ್ ಕಲಿಸಿದವರು ಅವರೇ. ಒಂದು ದಿನ ಯಂತ್ರಗಳನ್ನು ಪರೀಕ್ಷಿಸುತ್ತ ಕೂತವರಿಗೆ ‘ಬಾಗಿಲು’ ಎಂಬ ದನಿ ಕೇಳಿಸಿತು. ಒತ್ತಿದರು. ನಿನ್ನ ಹೆಸರೇನು ಎಂದು ಅದು ಇಂಗ್ಲಿಷಿನಲ್ಲಿ ಕೇಳಿತು. ಅವರು ಉತ್ತರ ಕೊಡಲಿಲ್ಲ, ಹುಡುಗಿಯರನ್ನು ವಿಚಾರಿಸಿ ನನ್ನನ್ನು ಕರೆಸಿದರು. “ಮಗಳೇ, ಈ ಮೆಷಿನ್‌ಗೋಸ್ಕರ ನಾನು ಎಷ್ಟು ಜನರ ಮನೆಬಾಗಿಲು ತಟ್ಟಿದೀನಿ ಗೊತ್ತಾ? ಈ ಹುಡುಗೀರಿಗೆ ಆಫೀಸಲ್ಲಿ ಕೂತು ದುಡಿಯೋ ಯೋಗ್ಯತೆ ಇದೆ ಅಂತ ಹೇಳಿ ತಂದಿದ್ದು. ಕೊಟ್ಟೋರು ಬಂದು ನೋಡಿದಾಗ ಇವರು ಕುದುರೆ ಕದೀತಾ ಕೂತಿದ್ರೆ ನಾನೇನು ಹೇಳಲಿ?” ಎಂದರು. ಪಾಠದ ಹೊತ್ತಿನಲ್ಲಿ ಆಡುವುದಿಲ್ಲ ಎಂದೆ. ಯಾವ ಹೊತ್ತಿನಲ್ಲೂ ಬೇಡ ಎಂದು ಎಲ್ಲವನ್ನೂ ಅಳಿಸಿಸಿದರು.

ಮರುದಿನ ನಾನು ಮತ್ತೆ ಹಾಕಿದೆ. ಅವರು ಮತ್ತೆ ಅಳಿಸಿಸಿದರು. ಈ ಸಲ ಹುಡುಗಿಯರು ನನ್ನನ್ನು ಕೇಳದೆ ಹಾಕಿಕೊಂಡರು. ಕೊನೆಗೆ ಯಾರನ್ನೋ ಕರೆಸಿ, ಡೆಸ್ಕ್‌ಟಾಪಿನ ಮೇಲೆ ಹೊಸದೇನನ್ನೂ ಇಡಲಾಗದಂತೆ ಬಿಗಿ ಮಾಡಿಸಿದರು. ಅಷ್ಟರಲ್ಲಿ ಆ ವಿಳಾಸವೂ ಸಂಖ್ಯೆಯೂ ಹುಡುಗಿಯರಿಗೆ ಬಾಯಿಪಾಠವಾಗಿಬಿಟ್ಟಿತ್ತು. ರನ್ ಎಂಬ ಕಿಂಡಿ ತೆರೆದು ಕೈಯಿಂದಲೇ ಬರೆದು ಒಳಗೆ ಹೋದರು. ಅದನ್ನು ಹೇಗೆ ಅಳಿಸುತ್ತಾರೆ?

ಆಮೇಲೆ ಸಮಿತಿ ಸೇರಿತು. ಒಳಗೆ ಹೋಗುವ ಮುನ್ನ ಗುಮಾಸ್ತೆ ಇನ್ಶಿರಾ ಮೇಡಂ ನನ್ನ ತೋಳು ಹಿಡಿದು, “ಟೈಪಿಂಗ್ ಪ್ರಾಕ್ಟೀಸ್‌ಗೆ ಅಂತ ಮಾಡ್ಸಿದೆ ಅಂದ್ಬಿಡು. ಇಂಗ್ಲಿಷ್ ಸುಧಾರಿಸುತ್ತೆ ಅನ್ನು. ಅವರೂ ಬಿಟ್ಟುಬಿಡ್ತಾರೆ, ನೀನೂ ಬಚಾವ್,” ಎಂದರು. ಸುಳ್ಳೇನಲ್ಲ. ಹುಡುಗಿಯರ ಕೈ ಎಷ್ಟು ಚುರುಕಾಗಿತ್ತೆಂದರೆ ನನಗೇ ಆಶ್ಚರ್ಯವಾಗಿತ್ತು. ಆ ಮಾತು ನಾಲಿಗೆಯ ತುದಿಯವರೆಗೆ ಬಂತು ಅಕ್ಕಾ. ಆದರೆ ಆಡಲಿಲ್ಲ. “ಆಟ ಆಡೋಕೇ ಹಾಕಿದ್ದು. ಕಾಫಿ ಅಂಗಡೀಲಿ ಕಣ್ಣಿರೋ ಹುಡುಗರು ಸಂಜೆಯೆಲ್ಲಾ ಸ್ಕ್ರೀನ್ ಮೇಲೆ ಫುಟ್‌ಬಾಲ್ ಆಟ ಆಡ್ತಾರೆ. ಅದರಿಂದ ಏನು ಕಲಿತ್ರಿ ಅಂತ ಅವರನ್ನ ಯಾರಾದ್ರೂ ಕೇಳ್ತಾರಾ? ನಾವು ಮಾತ್ರ ನಗೋದಕ್ಕೂ ಲೆಕ್ಕ ಒಪ್ಪಿಸ್ಬೇಕಾ?” ಎಂದೆ.

ಯಾರೋ ಕುರ್ಚಿ ಸರಿಸಿದರು. ಉಸ್ತಾದ್, “ನನ್ನ ಕಾಲದಲ್ಲಿ ನಮ್ಮನ್ನ ಮಸೀದಿ ಮೆಟ್ಟಿಲ ಮೇಲೆ ಭಿಕ್ಷೆಗೆ ಕೂರಿಸ್ತಿದ್ರು. ಅಲ್ಲಿಂದ ಎದ್ದು ಬರೋಕೆ ನಾನು ಒಂದು ದಿನಾನೂ ಆಡಿಲ್ಲ,” ಎಂದರು.  ಅದು ನಿಜವೆಂದು ನನಗೆ ಗೊತ್ತಿತ್ತು. ಆದರೂ, “ಅದಕ್ಕೇ ಉಸ್ತಾದ್, ಇವರಾದ್ರೂ ಆಡಲಿ,” ಎಂದೆ. ಕ್ಷಮೆ ಕೇಳಿದರೆ ಕೆಲಸ ಉಳಿಯುತ್ತದೆ ಎಂದು ಸಮಿತಿಯವರು ಹೇಳಿದರು. ನಾನು ಕೇಳಲಿಲ್ಲ. ಹೊರಗೆ ಬರುವಾಗ ಉಸ್ತಾದ್ ಹಿಂದಿನಿಂದ, “ಕೆಳಗಿನ ಮೆಟ್ಟಿಲು ಒಡೆದಿದೆ, ಜೋಪಾನ,” ಎಂದರು. ಸಿಟ್ಟಿನಲ್ಲಿ ಇಳಿಯುತ್ತಿದ್ದವಳಿಗೆ ಆಗ ಮಾತ್ರ ಅಳು ಬಂತು.

ಮೊನ್ನೆ ನೀನು ಫೋನಿನಲ್ಲಿ “ಒಂದು ಸಲ ತಪ್ಪಾಯ್ತು ಅಂದ್ರೆ ನಿನ್ನ ಗಂಟೇನು ಹೋಗುತ್ತೆ” ಎಂದೆಯಲ್ಲ, ಅದಕ್ಕೆ ಇದೇ ಉತ್ತರ. ಉಸ್ತಾದರ ಕೈಗೆ ಮುತ್ತಿಡು ಎಂದರೆ ಈಗಲೇ ಹೋಗಿ ಇಡುತ್ತೇನೆ, ಆ ಕೈ ನನಗೆ ಅಕ್ಷರ ಕೊಟ್ಟಿದೆ. ತಪ್ಪಾಯಿತು ಎಂದು ಮಾತ್ರ ಅನ್ನಲಾರೆ. ಹಾಗೆಂದರೆ ಮಬ್ರೂಕಾ ನಕ್ಕಿದ್ದೇ ತಪ್ಪು ಎಂದ ಹಾಗಾಗುತ್ತದೆ. ಅಮ್ಮನ ಸಿಟ್ಟಿನ ಚಿಂತೆ ಬೇಡ. ಮಾತು ಬಿಟ್ಟಿದ್ದಾಳೆ, ಬೆಳಿಗ್ಗೆ ಫೂಲ್ ಕಾಳಿನ ಪಲ್ಯ ಬಡಿಸುವುದನ್ನು ಬಿಟ್ಟಿಲ್ಲ.

ಭಾವನಿಗೆ ಸಲಾಮು ಹೇಳು. ಜೌದತ್‌ನ ಎರಡೂ ಕೆನ್ನೆಗೆ ನನ್ನ ಮುತ್ತು. ದೇವರು ನಿನ್ನ ಮನೆಯಲ್ಲಿ ನಗುವನ್ನು ಯಾವತ್ತೂ ಕಡಿಮೆ ಮಾಡದಿರಲಿ.

ನಿನ್ನ ಹಟಮಾರಿ ತಂಗಿ,
ಇಬ್ತಿಹಾಲ್

ಮತ್ತೆ: ಅಂಗಡಿಯವನು ಶಟರ್ ಎಳೆಯುವ ಆತುರದಲ್ಲಿದ್ದಾನೆ, ಇದಷ್ಟನ್ನು ಅವನ ಕೈಯಲ್ಲೇ ಪೆನ್ನಿನಿಂದ ಬರೆಸುತ್ತಿದ್ದೇನೆ. ಅಪ್ಪನ ರೇಡಿಯೊ ರಿಪೇರಿ ಅಂಗಡಿಯನ್ನು ಜ್ಯೂಸಿನವನಿಗೆ ಬಾಡಿಗೆಗೆ ಕೊಡುವ ಮಾತು ನೀನೂ ಅಮ್ಮನೂ ಆಡಿದ್ದೀರಂತೆ. ಕೊಡುವುದಿಲ್ಲ. ಅದರಲ್ಲಿ ನನ್ನ ಪಾಲೂ ಇದೆ. ನನ್ನ ಕಂಪ್ಯೂಟರ್ ಅಲ್ಲಿಗೆ ಹೋಗುತ್ತದೆ, ಇನ್ನೊಂದನ್ನು ಮಬ್ರೂಕಾಳ ಚಿಕ್ಕಪ್ಪ ಕೊಡುತ್ತಾರೆ. ಬೀಗದ ಕೈ ನಿನ್ನ ಹತ್ತಿರ ಇದೆ. ಹಾಜಿಯವರು ಬಕ್ರೀದಿಗೆ ವಾಪಸು ಬರುವಾಗ ಕಳಿಸು. ಹಬ್ಬ ಕಳೆದ ಮೇಲೆ ಹುಡುಗಿಯರು ಅಲ್ಲಿಗೆ ಆಡಲು ಬರುತ್ತಾರೆ, ಬೀಗದ ಕೈ ಬಂದರೂ ಬರುತ್ತಾರೆ, ಬರದಿದ್ದರೂ ಬರುತ್ತಾರೆ. ಬೀಗ ಒಡೆಯುವವನಿಗೆ ಹೇಳಿಟ್ಟಿದ್ದೇನೆ.