‘ಒಬ್ಬ ಹುಡುಗಿ’ ಎಂದೆ, ಅಷ್ಟೇ

ಮನೆಯಿಂದ,
ಭಾನುವಾರ ಮಧ್ಯಾಹ್ನ

ನನ್ನ ಮುದ್ದು ಪುಟ್ಟೀ,

ಹೇಗಿದ್ದೀಯೇ? ಬೆಳಗಿನ ಜಾವದ ತನಕ ನಿದ್ದೆ ಹತ್ತುವುದಿಲ್ಲವಂತೆ. ಒಂದು ಹೊತ್ತು ಉಂಡರೆ ಇನ್ನೊಂದು ಹೊತ್ತು ಇಲ್ಲವಂತೆ. ಮೊದಲೇ ಕಡ್ಡಿಯ ಹಾಗಿದ್ದವಳು, ಈಗ ಏನಾಗಿದ್ದೀಯೋ! ಅಂಗಡಿಯಲ್ಲಿ ಊರವರ ಕಣ್ಣು ಪರೀಕ್ಷೆ ಮಾಡುವವಳು ನಿನ್ನ ಕಣ್ಣ ಕೆಳಗಿನ ಕಪ್ಪನ್ನೂ ಒಮ್ಮೆ ನೋಡಿಕೋ. ಕನ್ನಡಕದಂಗಡಿಯ ವಿಳಾಸ ಅಮ್ಮನಿಗೆ ಹೇಗೆ ಸಿಕ್ಕಿತು ಎಂದು ಗಾಬರಿಯಾಗಬೇಡ, ಹೇಳುತ್ತೇನೆ. ನಾನು ಗುಂಡುಕಲ್ಲಿನ ಹಾಗಿದ್ದೇನೆ. ನಿನ್ನಪ್ಪನ ಮಂಡಿನೋವು ಹಾಗೇ ಇದೆ. ನಿನ್ನ ಸುದ್ದಿ ಎತ್ತಿದರೆ ಸಾಕು, "ಅವಳ ಪಾಡಿಗೆ ಅವಳನ್ನ ಬಿಟ್ಬಿಡೇ" ಎಂದು ಪೇಪರಿನ ಹಿಂದೆ ಮುಖ ಮುಚ್ಚಿಕೊಳ್ಳುತ್ತಾರೆ. ಅವರದೇನು, ಹೆತ್ತವಳು ನಾನಲ್ಲವೇ.

ನೀನು ಮನೆ ಬಿಟ್ಟ ದಿನ ಬಾಗಿಲು ಎಳೆದ ರಭಸಕ್ಕೆ ಮೇಲಿನ ಚಿಲಕ ಸಡಿಲವಾಗಿದೆ, ಇನ್ನೂ ಸರಿಮಾಡಿಸಿಲ್ಲ. ಅಷ್ಟಕ್ಕೂ ನಾನು ಮಾಡಿದ್ದಾದರೂ ಏನು? ಆಪ್ತಸಮಾಲೋಚನೆ ಕಲಿಯಲು ಬರುವವರಿಗೆ ಪಾಠ ಹೇಳುವಾಗ ಉದಾಹರಣೆ ಬೇಕಾಗುತ್ತದೆ. ಹತ್ತನೇ ಕ್ಲಾಸಿನ ತನಕ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಿದ್ದವಳ ಕಥೆ ಹೇಳಿದೆ. ಹೆಸರು ಹೇಳಿದೆನಾ? ಇಲ್ಲ. ‘ಒಬ್ಬ ಹುಡುಗಿ’ ಎಂದೆ, ಅಷ್ಟೇ. ಪುಸ್ತಕ ಕೇಳಿಕೊಂಡು ಮನೆಗೆ ಬಂದ ಶಿಷ್ಯೆಯೊಬ್ಬಳು ನಿನ್ನ ಮುಖ ನೋಡಿ ಕಿಸಕ್ಕೆಂದರೆ ಅದು ಅವಳ ತಪ್ಪು, ನನ್ನದು ಹೇಗಾಯಿತು? ನೀನು ಬಿಕ್ಕಿ ಬಿಕ್ಕಿ ಅತ್ತಾಗ ನಾನೇನು ಎದ್ದು ಹೋದೆನೇ? ಟಿಶ್ಯೂ ಡಬ್ಬಿಯನ್ನು ನಿನ್ನ ಕೈಗೆಟಕುವ ಹಾಗೆ ಇಟ್ಟು ಎದುರಿಗೇ ಕೂತೆ. ಎತ್ತಿ ಕೊಡಬಾರದು, ಕೊಟ್ಟರೆ ‘ಸಾಕು, ಅಳು ನಿಲ್ಲಿಸು’ ಎಂದ ಹಾಗಾಗುತ್ತದೆ. "ನಿನಗೆ ನೋವಾಗಿದೆ ಅನ್ನಿಸ್ತಿದೆ, ಅಲ್ವಾ?" ಎಂದೂ ಕೇಳಿದೆ. ನೀನು ಆ ಡಬ್ಬಿಯನ್ನೇ ಗೋಡೆಗೆ ಎಸೆದು "ನಂಗೆ ಅಮ್ಮ ಬೇಕಿತ್ತಮ್ಮಾ" ಎಂದೆ. ಎಂಥ ಮಾತದು! ಎದುರಿಗೆ ಕೂತಿದ್ದವಳು ಮತ್ತಾರು?

ಈಗ ಒಂದು ತಮಾಷೆ ಕೇಳು. ಈ ಕೆಲಸಕ್ಕೆ ಹೊಸದಾಗಿ ಸೇರಿದವರು ತಮ್ಮ ಹತ್ತಿರ ಬರುವವರ ಕಷ್ಟವನ್ನು ವಾರಕ್ಕೊಮ್ಮೆ ಹಿರಿಯರೊಬ್ಬರ ಮುಂದೆ ಹೇಳಿ, ಮುಂದೆ ಏನು ಕೇಳಬೇಕು, ಏನು ಕೇಳಬಾರದು ಎಂದು ತಿದ್ದಿಸಿಕೊಳ್ಳಬೇಕು. ಹೆಸರು ಮಾತ್ರ ಹೇಳುವಂತಿಲ್ಲ. ಹಾಗೆ ತಿದ್ದಿಸಿಕೊಳ್ಳಲು ನನ್ನ ಹತ್ತಿರ ಬರುವವಳು ನಿಯಮದಲ್ಲಿ ಬಲು ಗಟ್ಟಿ, ಪಾಪದ್ದು. "ಮೇಡಂ, ಒಬ್ಬ ಹುಡುಗಿ ಬರ್ತಾಳೆ. ಕನ್ನಡಕದಂಗಡೀಲಿ ಕೆಲಸ. ಅಮ್ಮನ ಮಾತು ಬಂದ್ರೆ ಹೆಬ್ಬೆರಳನ್ನ ಮುಷ್ಟಿಯೊಳಗೆ ಬಚ್ಚಿಟ್ಕೊಳ್ತಾಳೆ" ಎಂದಳು. ಚಿಕ್ಕಂದಿನಿಂದ ನಿನ್ನದೇ ಅಲ್ಲವೇ ಆ ಅಭ್ಯಾಸ, ನನ್ನ ಕಿವಿ ನೆಟ್ಟಗಾಯಿತು. ಅಮ್ಮನ ಬಗ್ಗೆ ಏನು ಹೇಳುತ್ತಾಳೆ ಎಂದು ಮೆಲ್ಲಗೆ ಕೇಳಿದೆ. "‘ನಮ್ಮಮ್ಮನಿಗೆ ನಾನು ಮಗಳಲ್ಲ, ಉದಾಹರಣೆ’ ಅಂತಾಳೆ ಮೇಡಂ. ಕೇಳಿದ್ರೆ ಅಯ್ಯೋ ಅನ್ಸುತ್ತೆ." ಅಯ್ಯೋ ಅನ್ನಿಸುತ್ತಂತೆ ಅವಳಿಗೆ!

ಗುರುತಿನವರ ವಿಷಯ ಎಂದು ತಿಳಿದ ಕ್ಷಣ ಹಿರಿಯರಾದವರು ‘ಇದು ನನಗೆ ಬೇಡ, ಬೇರೆಯವರ ಹತ್ತಿರ ಹೋಗು’ ಎಂದು ಎದ್ದುಬಿಡಬೇಕು. ಇದನ್ನು ಮೊದಲ ದಿನವೇ ಹಲಗೆಯ ಮೇಲೆ ಬರೆದು ಪಾಠ ಮಾಡುವವಳು ನಾನೇ. ಆದರೆ ಏಳಲಿಲ್ಲ ಪುಟ್ಟೀ, ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡೆ. ತಾಯಿಗೆ ಅದೆಂಥ ನಿಯಮ? ಅಂದಿನಿಂದ ಅವಳ ಕೋಣೆಯಲ್ಲಿ ನೀನು ಬಿಚ್ಚಿಟ್ಟದ್ದೆಲ್ಲ ವಾರ ತುಂಬುವುದರೊಳಗೆ ನನ್ನ ಮಡಿಲಿಗೆ ಬಂದು ಬೀಳುತ್ತಿದೆ. ಅಪ್ಪನ ದನಿ ಕೇಳಬೇಕೆಂದು ಫೋನ್ ಮಾಡಿ, ನಾನೆತ್ತಿದರೆ ಸದ್ದಿಲ್ಲದೆ ಇಟ್ಟುಬಿಡುತ್ತಿದ್ದವಳು ನೀನೇ ಎಂದು ಹಾಗೇ ಗೊತ್ತಾದದ್ದು. (ಈಗ ಫೋನನ್ನು ನನ್ನ ಕೋಣೆಗೇ ತಂದಿಟ್ಟುಕೊಂಡಿದ್ದೇನೆ.) ಆಮೇಲೆ ಪೇಟೆಯ ಕನ್ನಡಕದಂಗಡಿಗಳ ಮುಂದೆ ಒಂದು ಸುತ್ತು ಹಾಕಿದೆ. ಗಾಜಿನಾಚೆ ನೀನು ಒಬ್ಬ ಮುದುಕರಿಗೆ ಅಕ್ಷರ ಓದಿಸುತ್ತಿದ್ದೆ, ಎಷ್ಟು ತಾಳ್ಮೆಯಿಂದ! ಆ ತಾಳ್ಮೆ ಯಾರಿಂದ ಬಂತು ಎಂದು ಯಾರಾದರೂ ಕೇಳಿದರೆ ಹೇಳುತ್ತೀಯಾ?

ಹಟ ಮಾಡಿದ್ದು ಸಾಕು, ಮನೆಗೆ ಬಾ. ಬೇರೆ ಆಪ್ತಸಮಾಲೋಚಕಿಯ ಹತ್ತಿರ ಹೋಗುತ್ತೇನೆ ಎನ್ನುವುದಾದರೆ ಧಾರಾಳವಾಗಿ ಹೋಗು, ಈ ಊರಿನಲ್ಲಿ ಆ ಕೆಲಸ ಮಾಡುವವರಲ್ಲಿ ನನ್ನ ಹತ್ತಿರ ಕಲಿಯದವರು ಯಾರಿದ್ದಾರೆ? ನಿನ್ನ ಕೋಣೆ ಹಾಗೇ ಇದೆ. ಹಾಸಿಗೆಯ ಮೇಲೆ ರಬ್ಬರ್ ಹಾಳೆ ಹಾಸಿಟ್ಟಿದ್ದೇನೆ, ಯಾವುದಕ್ಕೂ ಇರಲಿ ಎಂದು.

ದೇವರು ನಿನಗೆ ಬೇಗ ಬುದ್ಧಿ ಕೊಡಲಿ, ನಿನ್ನ ಹೊಟ್ಟೆ ತಂಪಾಗಿರಲಿ.

ಯಾವಾಗಲೂ ನಿನ್ನದೇ ಯೋಚನೆಯಲ್ಲಿರುವ
ಅಮ್ಮ

ಮ.ವಿ.: ಅಯ್ಯೋ, ಮುಖ್ಯವಾದದ್ದೇ ಮರೆತಿದ್ದೆ, ಲಕೋಟೆ ಅಂಟಿಸುವ ಮುಂಚೆ ಬರೆದುಬಿಡುತ್ತೇನೆ. ಈ ಪತ್ರ ಹಿಡಿದುಕೊಂಡು ನಿನ್ನ ಆ ಆಪ್ತಸಮಾಲೋಚಕಿಯ ಹತ್ತಿರ ಓಡಬೇಡ. ನೀನು ಯಾರ ಮಗಳೆಂದು ಅವಳಿಗೆ ಗೊತ್ತೇ ಇಲ್ಲ, ಸುಮ್ಮನೆ ಕೆಲಸ ಕಳೆದುಕೊಳ್ಳುತ್ತಾಳೆ. ಕಳೆದ ಸಲ ಅವಳು "ಅಳೋದಕ್ಕೆ ಯಾರಿಗೂ ಕಾರಣ ಕೊಡಬೇಕಾಗಿಲ್ಲ ಕಣೇ. ಅತ್ತುಬಿಡು, ನಾನಿಲ್ಲೇ ಇರ್ತೀನಿ" ಅಂದಾಗ ನೀನು ಮೇಜಿನ ಮೇಲೆ ತಲೆಯಿಟ್ಟು ಅತ್ತೆಯಂತೆ. ‘ಹುಟ್ಟಿದಾಗಿನಿಂದ ಯಾರೂ ನನಗೆ ಹೀಗೆ ಅಂದಿರಲಿಲ್ಲ’ ಅಂದೆಯಂತೆ. ಅವಳು ಅಂದ ಆ ಮಾತು ನನ್ನದು. ‘ಕಣೇ’ ಅನ್ನುವುದನ್ನೂ ನಾನೇ ಸೇರಿಸಿದ್ದು. ಅವಳ ಬಾಯಿಗೆ ಸರಿಯಾಗಿ ಕೂರುವ ತನಕ ಎದುರಿಗೆ ಕೂರಿಸಿಕೊಂಡು ಮತ್ತೆ ಮತ್ತೆ ಹೇಳಿಸಿದೆ.